ಪಾಟ್ಮೊಸ್ ದ್ವೀಪದಲ್ಲಿ ಒಂಬತ್ತು ದಿನಗಳು

ಗ್ರೀಸ್ ದೇಶದ ಪಿರೇಯಸ್ ರೇವಿನಲ್ಲಿ ಕುಳಿತು ನಮ್ಮ ತೀರ್ಥರೂಪರಿಗೆ ನಾಲ್ಕು ದ್ವೀಪಗಳ ಹೆಸರುಗಳನ್ನು ಓದಿ ಹೇಳಿದೆವು. ಹತ್ತು ದಿನಗಳಲ್ಲಿ ನಾಲ್ಕನ್ನೂ ನೋಡಿ ಮುಗಿಸಬೇಕೆಂಬುದು ನಮ್ಮ ಸಂಕಲ್ಪವಾಗಿತ್ತು. ಎಂಬತ್ತನಾಲ್ಕು ವರ್ಷದ ಅವರು ಎಲ್ಲವನ್ನೂ ಕೇಳಿ, “ಒಂದು ಸಾಕು. ಮಿಕ್ಕ ಮೂರನ್ನು ನೀನು ಪುಸ್ತಕದಲ್ಲಿ ಓದಿಕೋ” ಎಂದರು. ಶಾಲೆಯ ಗಂಟೆಗೆ ತಕ್ಕಂತೆ ಆಯುಷ್ಯವನ್ನು ಕಳೆದ ನಮಗೆ ಈ ಮಾತು ರುಚಿಸಲಿಲ್ಲವೆಂದು ಒಪ್ಪಿಕೊಳ್ಳಬೇಕು. ನಾವು ಉಳಿಸಿಕೊಂಡ ದ್ವೀಪವು ಪಾಟ್ಮೊಸ್; ಕಾರಣವನ್ನು ಮುಂದೆ ಹೇಳುವೆವು.

ಇದು ಏಜಿಯನ್ ಸಮುದ್ರದ ಪೂರ್ವಭಾಗದಲ್ಲಿ, ತುರ್ಕಿಯ ಕರಾವಳಿಗೆ ಸಮೀಪದಲ್ಲಿದೆ. ವಿಸ್ತೀರ್ಣ ಸುಮಾರು 34 ಚದರ ಕಿಲೋಮೀಟರು; ಜನಸಂಖ್ಯೆ ಸುಮಾರು ಮೂರು ಸಾವಿರ. ವಿಮಾನನಿಲ್ದಾಣವಿಲ್ಲವಾದುದರಿಂದ ಏಳೆಂಟು ಗಂಟೆ ಹಡಗಿನಲ್ಲಿ ಸಾಗಿ ಅರ್ಧರಾತ್ರಿಯ ವೇಳೆಗೆ ಸ್ಕಾಲಾ ಎಂಬ ರೇವನ್ನು ಸೇರಿದೆವು. ಬೆಳಗಾದ ಮೇಲೆ ನೋಡಿದರೆ ಎದುರಿಗೆ ಬೋಳುಗುಡ್ಡ. ಅದರ ನೆತ್ತಿಯಲ್ಲಿ ಸುಣ್ಣ ಬಳಿದ ಮನೆಗಳು. ಅವುಗಳ ನಡುವೆ ಕೋಟೆಯಂತೆ ಕಪ್ಪಾಗಿ ನಿಂತ ಮಠ. ಕ್ರಿಸ್ಟೊಡೂಲೊಸ್ ಎಂಬ ಯತಿಯು 1088ರಲ್ಲಿ ಚಕ್ರವರ್ತಿ ಒಂದನೆಯ ಅಲೆಕ್ಸಿಯೊಸನಿಂದ ಈ ದ್ವೀಪವನ್ನೇ ದಾನವಾಗಿ ಪಡೆದು ಮಠವನ್ನು ಸ್ಥಾಪಿಸಿದನು. ಕಡಲ್ಗಳ್ಳರ ಭಯದಿಂದ ಅದರ ಗೋಡೆಗಳನ್ನು ಕೋಟೆಯ ಗೋಡೆಗಳಂತೆಯೇ ಕಟ್ಟಿದ್ದಾರೆ.

ನಾವು ಮೊದಲನೆಯ ದಿನವೇ ಗುಡ್ಡವೇರಲು ಆತುರಪಟ್ಟೆವು. ತೀರ್ಥರೂಪರಾದರೋ ರೇವಿನ ಕಾಫಿ ಅಂಗಡಿಯ ಮುಂದೆ ಮರದ ನೆರಳಿನಲ್ಲಿ ಒಂದು ಕುರ್ಚಿಯನ್ನು ಹಿಡಿದವರು ಮೂರು ದಿನ ಅದನ್ನು ಬಿಡಲಿಲ್ಲ. ಅಲ್ಲಿ ಅವರ ವಯಸ್ಸಿನವನೇ ಆದ ಮೀನುಗಾರನೊಬ್ಬನು ನಿತ್ಯವೂ ಬಂದು ಮಣಿಸರವನ್ನು ತಿರುಗಿಸುತ್ತ ಕೂಡುತ್ತಿದ್ದನು. ತೀರ್ಥರೂಪರು ಅದನ್ನು ಜಪಮಾಲೆಯೆಂದೇ ಬಗೆದು, ತಮ್ಮ ತುಳಸಿಯ ಸರವನ್ನು ತೆಗೆದು ತೋರಿಸಿದರು. ಗ್ರೀಕರ ಮಣಿಸರಕ್ಕೆ ಮಂತ್ರವೂ ಇಲ್ಲ, ಲೆಕ್ಕವೂ ಇಲ್ಲ. ಅದು ಹೊತ್ತು ಕಳೆಯುವ ಸಾಧನ. ನಾವು ಇದನ್ನು ತಿಳಿಸಲು, “ನನ್ನದೂ ಎಷ್ಟೋ ದಿನ ಹಾಗೆಯೇ ತಿರುಗುತ್ತದೆ” ಎಂದುಬಿಟ್ಟರು. ಭಾಷೆಯಿಲ್ಲದೆ ಇಬ್ಬರೂ ಮಧ್ಯಾಹ್ನದವರೆಗೆ ಕೂಡುವರು. ಅನಂತರ ಊರೇ ಬಾಗಿಲಿಕ್ಕಿ ಮಲಗುವುದು.

ಊಟದ ಚಿಂತೆ ನಮಗಿದ್ದಷ್ಟು ಅವರಿಗಿರಲಿಲ್ಲ. ರೊಟ್ಟಿ, ಟೊಮ್ಯಾಟೊ, ಬೇಯಿಸಿದ ಕಡಲೆ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದಂತಹ ಗಟ್ಟಿ ಮೊಸರು ಇವಿಷ್ಟರಲ್ಲಿ ತೃಪ್ತರು. ಮೊದಲ ದಿನ ಮಾತ್ರ ಮೊಸರುಂಟೇ ಎಂದು ಸನ್ನೆಯಿಂದ ಕೇಳಿದಾಗ ಅಂಗಡಿಯವನು “ನೆ, ನೆ” ಎಂದನು. ಗ್ರೀಕಿನಲ್ಲಿ ಅದಕ್ಕೆ ಹೌದೆಂದು ಅರ್ಥ. ಸಂಸ್ಕೃತದ ನಕಾರಕ್ಕೆ ಒಗ್ಗಿದ ಅವರು ಮುಖ ಬಾಡಿಸಿಕೊಂಡು ಕುಳಿತಿರುವಾಗಲೇ ಬಟ್ಟಲು ಬಂದಿತು!

ನಾಲ್ಕನೆಯ ದಿನ ಅವರೇ ಹೊರಟರು. ಬಾಡಿಗೆಯ ಕಾರಿನಲ್ಲಿ ಗುಡ್ಡದ ನಡುವಿನ ಗುಹೆಗೆ ಹೋದೆವು. ಯೋಹಾನನು ಇಲ್ಲಿ ದರ್ಶನ ಪಡೆದು ಹೇಳುತ್ತ ಹೋದನೆಂದೂ ಶಿಷ್ಯನಾದ ಪ್ರೊಖೊರನು ಬರೆದುಕೊಂಡನೆಂದೂ ಕ್ರೈಸ್ತರ ಐತಿಹ್ಯ. “ವ್ಯಾಸರೂ ಗಣಪತಿಯೂ” ಎಂದು ತೀರ್ಥರೂಪರು ಮೆಲ್ಲನೆ ನುಡಿದರು. ಗುಹೆಯ ಸಮೀಪದಲ್ಲಿಯೇ 1713ರಲ್ಲಿ ಮಕಾರಿಯೊಸ್ ಕಲೊಗೆರಾಸನು ಸ್ಥಾಪಿಸಿದ ಪಾಠಶಾಲೆಯಿದೆ. ನಮ್ಮನ್ನು ಈ ದ್ವೀಪಕ್ಕೆ ಎಳೆದದ್ದು ಅದೇ. 1760ರಲ್ಲಿ ಅಥೆನ್ಸಿನಲ್ಲಿ ಹುಟ್ಟಿದ ಡಿಮಿಟ್ರಿಯೊಸ್ ಗಲನೊಸ್ ಎಂಬಾತನು ಇಲ್ಲಿ ಓದಿ, 1786ರಲ್ಲಿ ಗ್ರೀಕ್ ವರ್ತಕರ ಮಕ್ಕಳಿಗೆ ಉಪಾಧ್ಯಾಯನಾಗಿ ಕಲ್ಕತ್ತೆಗೆ ಬಂದನು. 1793ರಲ್ಲಿ ಕಾಶಿಗೆ ಹೋಗಿ ಪಂಡಿತರ ಬಳಿ ಸಂಸ್ಕೃತವನ್ನು ಅಭ್ಯಾಸಮಾಡಿ, ನಲವತ್ತು ವರ್ಷ ಅಲ್ಲಿಯೇ ಇದ್ದು, 1833ರಲ್ಲಿ ಅಲ್ಲಿಯೇ ತೀರಿಕೊಂಡನು. ಅವನು ಗ್ರೀಕಿಗೆ ಪರಿವರ್ತಿಸಿದ ಭಗವದ್ಗೀತೆ 1848ರಲ್ಲಿ ಅಥೆನ್ಸಿನಲ್ಲಿ ಅಚ್ಚಾಯಿತು.

ನಾವು ಇದನ್ನೆಲ್ಲ ತರಗತಿಯಲ್ಲಿ ಹೇಳುವಂತೆ ಹೇಳಿದೆವು. ಕಟ್ಟೆಯ ಮೇಲೆ ಕುಳಿತಿದ್ದ ತೀರ್ಥರೂಪರು ಬಹಳ ಹೊತ್ತು ಸಮುದ್ರವನ್ನು ನೋಡುತ್ತಿದ್ದು, “ಇಲ್ಲಿಂದ ಹೊರಟವನಿಗೆ ಕಾಶಿ ದೊರೆಯಿತು” ಎಂದರು. ಅಷ್ಟೇ, ದೂರುವ ಧ್ವನಿಯೂ ಅಲ್ಲ.

ಮಾತೃಶ್ರೀಯವರು ದೈವಾಧೀನರಾದ ವರ್ಷದಿಂದ ಅವರು ಕಾಶಿಯನ್ನು ಕೇಳುತ್ತಿದ್ದರು. ಬೇಸಗೆಯಲ್ಲಿ ಉತ್ತರಪತ್ರಿಕೆಗಳು, ದಸರೆಯಲ್ಲಿ ಮನೆಯ ದುರಸ್ತು, ಬಳಿಕ ಅವರ ಮಂಡಿನೋವು ಎಂದು ನಾವು ಹನ್ನೊಂದು ವರ್ಷ ಮುಂದೂಡಿದೆವು. ಮಗಳು ಟಿಕೀಟು ಕಳುಹಿಸಿದಳೆಂದು ಯವನದೇಶಕ್ಕೆ ಮಾತ್ರ ಹೊರಟೆವು! ಆ ಮಂಡಿಗಳೇ ಅಲ್ಲವೇ ಸಮುದ್ರವನ್ನು ದಾಟಿ ಬಂದುವು?

ಮಿಕ್ಕ ದಿನಗಳಲ್ಲಿ ನಾವೂ ಮರದ ಕೆಳಗೆ ಕುಳಿತೆವು. ಮಠದ ಪುಸ್ತಕಭಂಡಾರ ಪ್ರಖ್ಯಾತವಾದುದು. ಅದನ್ನು ನೋಡಲಿಲ್ಲ. ಹೊರಡುವ ದಿನ ಮೀನುಗಾರನು ತನ್ನ ಮಣಿಸರವನ್ನು ತೀರ್ಥರೂಪರ ಕೈಯಲ್ಲಿಟ್ಟನು. ಅವರು ಪ್ರತಿಯಾಗಿ ತಮ್ಮ ಶಾಲನ್ನು ಹೊದಿಸಿದರು.

ರಾತ್ರಿ ಹಡಗು ಹೊರಟಿತು. ಗುಡ್ಡದ ಮೇಲಿನ ದೀಪಗಳು ಸಣ್ಣವಾಗುತ್ತಿರುವಾಗ, ಕಾರ್ತಿಕದಲ್ಲಿ ಕಾಶಿಗೆ ಹೋಗೋಣವೇ ಎಂದು ನಾವು ಕೇಳಿದೆವು.

“ಎಷ್ಟು ಊರುಗಳ ಪಟ್ಟಿ ಮಾಡುತ್ತೀಯೆ?” ಎಂದರು.

“ಕಾಶಿಯೊಂದೇ.”

“ಹಾಗಾದರೆ ಬರುತ್ತೇನೆ. ಘಾಟಿನಲ್ಲಿ ಕೂಡುವುದಕ್ಕೆ ಒಂದು ಕುರ್ಚಿ ಸಿಕ್ಕೀತೋ ವಿಚಾರಿಸು.”