ಹಿಡಿದಿಟ್ಟ ನೀರು

ಮೂರು ದಿನ ನಾನೊಂದು ವಿಚಿತ್ರ ದಿನಚರಿ ಬರೆದೆ. ಡಾಕ್ಟರು ಕೊಟ್ಟ ಹಾಳೆಯಲ್ಲಿ ನಾಲ್ಕು ಕಾಲಂ ಇದ್ದವು: ಎಷ್ಟು ಹೊತ್ತಿಗೆ, ಏನು ಕುಡಿದೆ, ಎಷ್ಟು ಹೋಯಿತು, ಅವಸರವಿತ್ತೇ. 'ಎಷ್ಟು ಹೋಯಿತು' ಎಂಬುದನ್ನು ಅಂದಾಜಿನಲ್ಲಿ ಬರೆಯುವಂತಿರಲಿಲ್ಲ. ಗೆರೆ ಹಾಕಿದ ಪ್ಲಾಸ್ಟಿಕ್ ಲೋಟದಲ್ಲಿ ಹಿಡಿದು, ಮಿಲಿಲೀಟರಿನ ಲೆಕ್ಕ ಬರೆಯಬೇಕಿತ್ತು. ಪಿಎಚ್‌ಡಿಯ ನಾಲ್ಕನೇ ವರ್ಷದಲ್ಲಿರುವ ನನಗೆ ಟಿಪ್ಪಣಿ ಬರೆಯುವುದು ಹೊಸದೇನಲ್ಲ. ಆದರೂ ಈ ಹಾಳೆಯನ್ನು ಮಾತ್ರ ಹಾಸ್ಟೆಲಿನಲ್ಲಿ ಯಾರ ಕಣ್ಣಿಗೂ ಬೀಳದ ಹಾಗೆ ದಿಂಬಿನ ಕೆಳಗೆ ಇಟ್ಟುಕೊಂಡೆ.

ಹಾಳೆ ನೋಡಿದ ಡಾಕ್ಟರು ಒಂದು ಕಡೆ ಪೆನ್ನಿಟ್ಟು ಕೇಳಿದರು. "ಬೆಳಗ್ಗೆ ಏಳೂವರೆಯಿಂದ ಮಧ್ಯಾಹ್ನ ಮೂರೂವರೆ ತನಕ ಏನೂ ಬರೆದಿಲ್ವಲ್ಲಮ್ಮ, ಮರೆತ್ರಾ?"

"ಮರೆತಿಲ್ಲ ಡಾಕ್ಟ್ರೇ. ಹೋಗಿಲ್ಲ."

"ಮೂರು ದಿನವೂ?"

"ಲೈಬ್ರರಿಗೆ ಹೋದ ದಿನ ಹಾಗೇನೇ."

ಅವರು ಅದರ ಕೆಳಗೊಂದು ಗೆರೆ ಎಳೆದರು. ನಾನು ಖಾಲಿ ಬಿಟ್ಟ ಜಾಗವೇ ಅವರಿಗೆ ಬೇಕಾದ ಮಾಹಿತಿಯಾಗಿತ್ತು.

ಒಂದೇ ವರ್ಷದಲ್ಲಿ ಮೂರು ಸಲ ಮೂತ್ರದ ಸೋಂಕು ಬಂದಿತ್ತು. ಪ್ರತಿ ಸಲ ಮಾತ್ರೆ ನುಂಗುವುದು, ವಾಸಿಯಾಗುವುದು, ಎರಡು ತಿಂಗಳಿಗೆ ಮತ್ತೆ ಉರಿ. ಬಂದರೂ ಒಂದೇ ಸಮನೆ ಬರದೆ ನಿಂತು ನಿಂತು ಬರುತ್ತಿತ್ತು. ಹೋಗಿ ಬಂದ ಮೇಲೂ ಪೂರ್ತಿ ಹೋಗಿಲ್ಲವೆಂಬ ಭಾವ. ಸ್ಕ್ಯಾನ್ ಮಾಡಿದಾಗ ಹೋಗಿ ಬಂದ ಮೇಲೂ ಒಳಗೆ 180 ಮಿಲಿಲೀಟರ್ ಉಳಿದಿದ್ದು ಕಂಡಿತು. ಹಾಗೆ ನಿಂತ ನೀರಿನಲ್ಲಿ ಸೋಂಕು ಬೆಳೆಯುವುದು ಸಹಜ. ಕೆರೆಯ ನೀರಿಗೂ ಅದೇ ನಿಯಮ ತಾನೇ.

"ಎರಡರಲ್ಲಿ ಒಂದಿರಬೇಕು," ಎಂದರು ಡಾಕ್ಟರು. "ಮೂತ್ರಕೋಶದ ಸ್ನಾಯುಗೆ ಹಿಂಡೋ ಶಕ್ತಿ ಕಮ್ಮಿಯಾಗಿರಬೇಕು, ಇಲ್ಲಾ ಅದು ಹಿಂಡಿದರೂ ಬಾಗಿಲು ಸರಿಯಾಗಿ ತೆರೀತಿಲ್ಲ. ಎರಡನೇದಾದ್ರೆ ವ್ಯಾಯಾಮದಿಂದ ಸರಿ ಮಾಡ್ಬಹುದು. ಮೊದಲನೇದಾದ್ರೆ ದಿನಕ್ಕೆ ನಾಲ್ಕೈದು ಸಲ ನೀವೇ ಸಣ್ಣ ನಳಿಕೆ ಹಾಕ್ಕೊಂಡು ಖಾಲಿ ಮಾಡೋದನ್ನ ಕಲೀಬೇಕಾಗಬಹುದು." ಯಾವುದೆಂದು ತಿಳಿಯಲು ಇದ್ದ ದಾರಿ ಯೂರೋಡೈನಾಮಿಕ್ಸ್ ಪರೀಕ್ಷೆ.

ಆ ರಾತ್ರಿ ನಿದ್ದೆ ಬರಲಿಲ್ಲ. ನನಗೆ ಇಪ್ಪತ್ತೆಂಟು. ನಳಿಕೆ, ಜೆಲ್ಲಿ, ಕೈತೊಳೆಯುವ ದ್ರಾವಣ ಎಲ್ಲ ಬ್ಯಾಗಿನಲ್ಲಿ ಹೊತ್ತು ಕ್ಷೇತ್ರಕಾರ್ಯಕ್ಕೆ ಹೋಗುವ ನನ್ನನ್ನು ಊಹಿಸಿಕೊಂಡೆ. ಎಲ್ಲಿ ಹಾಕಿಕೊಳ್ಳಲಿ? ಯಾವ ಬಸ್‌ಸ್ಟ್ಯಾಂಡಿನಲ್ಲಿ? ಫೋನಿನಲ್ಲಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮದ್ವೆಗೇನಾದ್ರೂ ತೊಂದ್ರೆ ಆಯ್ತದಾ ಅಂತ ಕೇಳ್ದಾ?" ಅಂದಳು. ಕೇಳಿರಲಿಲ್ಲ.

ನಮ್ಮೂರು ಶೆಟ್ಟಿಹಳ್ಳಿ. ಹೆಸರು ಹೇಳಿದ ಕೂಡಲೇ ಎಲ್ಲರೂ "ಓ, ಮುಳುಗುವ ಚರ್ಚು" ಅನ್ನುತ್ತಾರೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಆ ಚರ್ಚು ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ನೀರಿನೊಳಗೆ ಇಳಿಯುತ್ತದೆ, ಬೇಸಿಗೆಯಲ್ಲಿ ಮೇಲೇಳುತ್ತದೆ. ಹಳೇ ಊರಿನ ಜನ ಮೇಲಕ್ಕೆ ಬಂದು ಮನೆ ಕಟ್ಟಿಕೊಂಡರು. ಜಲಾಶಯದ ಮಟ್ಟ ನಮಗೆ ಹವಾಮಾನದಷ್ಟೇ ಪರಿಚಿತ. ಗರಿಷ್ಠ 2922 ಅಡಿ. ಜುಲೈ ಬಂತೆಂದರೆ ಅಪ್ಪ ಪೇಪರ್ ಬಿಚ್ಚಿ ಮೊದಲು ನೋಡುವುದು ಇವತ್ತು ಎಷ್ಟಕ್ಕೆ ಬಂತು ಅಂತ. ನನ್ನ ಸಂಶೋಧನೆಯೂ ಅದರ ಸುತ್ತಲೇ: ಹೇಮಾವತಿ ಮುಳುಗಡೆಯ ಹೆಂಗಸರ ನೆನಪುಗಳು.

ಹಾಗಾಗಿ ಪರೀಕ್ಷೆಯ ಬಗ್ಗೆ ಓದುವಾಗ ಒಂದು ಸಂಗತಿ ಗಮನ ಸೆಳೆಯಿತು. ಮೂತ್ರಕೋಶದ ಒತ್ತಡವನ್ನು ಅಳೆಯುವುದು 'ಸೆಂಟಿಮೀಟರ್ ನೀರು' ಎಂಬ ಮಾನದಲ್ಲಿ. ಅಂದರೆ ಎಷ್ಟು ಎತ್ತರದ ನೀರಿನ ಕಂಬವನ್ನು ಅದು ಎತ್ತಿ ನಿಲ್ಲಿಸಬಲ್ಲದು ಅನ್ನುವ ಲೆಕ್ಕ. ಆದರೆ ಅಣೆಕಟ್ಟಿಗೂ ಮೂತ್ರಕೋಶಕ್ಕೂ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಅಣೆಕಟ್ಟಿನಲ್ಲಿ ನೀರು ಏರಿದಂತೆ ತಳದ ಒತ್ತಡ ಏರಲೇಬೇಕು. ಆರೋಗ್ಯವಂತ ಮೂತ್ರಕೋಶ ಹಾಗಲ್ಲ. ಅದು ಹಿಗ್ಗಿ ಜಾಗ ಮಾಡಿಕೊಡುತ್ತದೆ. 400 ಮಿಲಿಲೀಟರ್ ತುಂಬಿದರೂ ಒಳಗಿನ ಒತ್ತಡ ಕೆಲವೇ ಸೆಂಟಿಮೀಟರ್ ಏರುತ್ತದೆ ಅಷ್ಟೆ. ಅದಕ್ಕೇ ನಾವು ಅದನ್ನು ಮರೆತು ಗಂಟೆಗಟ್ಟಲೆ ಕೂರಬಲ್ಲೆವು.

ಹಸುಗೂಸಿಗೆ ಹಿಡಿದಿಡುವುದು ಗೊತ್ತಿಲ್ಲ, ತುಂಬಿದ ಕೂಡಲೇ ಬಿಡುತ್ತದೆ. ಮೂರು ನಾಲ್ಕು ವರ್ಷಕ್ಕೆ ಮೆದುಳು ಕಲಿಯುತ್ತದೆ: ಈಗ ಬೇಡ, ಜಾಗ ಸಿಕ್ಕಮೇಲೆ. ಇದು ಎಲ್ಲ ಮಕ್ಕಳಿಗೂ ಒಂದೇ. ಆದರೆ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಎರಡನೆಯ ಪಾಠವೊಂದಿದೆ. ಅದು ಶುರುವಾಗುವುದು ಸ್ಕೂಲಿಗೆ ಹೋದ ಮೇಲೆ.

ನಾನು ಓದಿದ ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯವೇನೋ ಇತ್ತು, ಅದಕ್ಕೊಂದು ಬೀಗವೂ ಇತ್ತು. ಬೀಗದ ಕೈ ಮೇಷ್ಟ್ರ ಟೇಬಲ್ಲಿನ ಡ್ರಾಯರಿನಲ್ಲಿ. ಇಡೀ ಕ್ಲಾಸಿನ ಎದುರು ಎದ್ದು ಹೋಗಿ ಅದನ್ನು ಕೇಳುವುದಕ್ಕಿಂತ ಬೆಳಗ್ಗೆ ನೀರು ಕುಡಿಯದೇ ಇರುವುದು ಸುಲಭ ಅಂತ ನಾವೆಲ್ಲ ಒಬ್ಬರಿಗೊಬ್ಬರು ಹೇಳದೆಯೇ ಕಂಡುಕೊಂಡಿದ್ದೆವು. ಮನೆಯಲ್ಲಿ ಕಕ್ಕಸು ಕಟ್ಟಿಸಿದ್ದು ನಾನು ಹೈಸ್ಕೂಲಿಗೆ ಬಂದ ಮೇಲೆ. ಅದಕ್ಕೆ ಮುಂಚೆ ಅಜ್ಜಿ, ಅಮ್ಮ, ಚಿಕ್ಕಮ್ಮ ಎಲ್ಲರಿಗೂ ಎರಡೇ ಹೊತ್ತು. ಬೆಳಕಾಗುವ ಮುಂಚೆ ಒಂದು, ಕತ್ತಲಾದ ಮೇಲೆ ಇನ್ನೊಂದು. ನಡುವಿನ ಹನ್ನೆರಡು ಗಂಟೆ ದೇಹಕ್ಕೆ ರಜೆ. ಊರಿಗೆ ಹೊರಡುವಾಗ ಅಮ್ಮನ ಮಾತು ಎರಡೇ: "ಹೋಗ್ಬಿಟ್ ಬಾ" ಮತ್ತು "ನೀರು ಜಾಸ್ತಿ ಕುಡೀಬ್ಯಾಡ". ಅದರಲ್ಲಿ ಪ್ರೀತಿಯೇ ಇತ್ತು. ದಾರಿಯಲ್ಲಿ ಏನಿರುತ್ತದೆ, ಏನಿರುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು.

ಇದು ಹಳ್ಳಿಯ ಕಥೆ ಮಾತ್ರ ಅಲ್ಲ. 2011ರಲ್ಲಿ ಮುಂಬಯಿಯಲ್ಲಿ ಹೆಂಗಸರ ಸಂಘಟನೆಗಳು 'ರೈಟ್ ಟು ಪೀ' ಎಂಬ ಚಳವಳಿ ಶುರುಮಾಡಿದವು. ಸಾರ್ವಜನಿಕ ಮೂತ್ರಾಲಯಗಳಲ್ಲಿ ಗಂಡಸರಿಗೆ ಬಿಟ್ಟಿ, ಹೆಂಗಸರಿಗೆ ದುಡ್ಡು ಯಾಕೆ ಎಂಬುದು ಅವರ ಮೊದಲ ಪ್ರಶ್ನೆಗಳಲ್ಲೊಂದು. ಮಹಾನಗರದ ಹೆಂಗಸರೂ ಅಮ್ಮನ ಆ ಎರಡು ಮಾತುಗಳನ್ನು ಕೇಳಿಯೇ ಬೆಳೆದವರಿರಬೇಕು.

ಪರೀಕ್ಷೆ ಇದ್ದದ್ದು ಹಾಸನದ ಒಂದು ಆಸ್ಪತ್ರೆಯಲ್ಲಿ. ಒಂದು ವಾರ ಮೊದಲೇ ಮೂತ್ರದ ಕಲ್ಚರ್ ಮಾಡಿಸಿ ಸೋಂಕಿಲ್ಲವೆಂದು ಖಾತ್ರಿ ಮಾಡಿಕೊಂಡಿದ್ದರು. ಹೊಟ್ಟೆ ಸಾಫಾಗಿರಬೇಕು, ಮೂತ್ರಕೋಶ ಮಾತ್ರ ತುಂಬಿರಬೇಕು ಎಂದು ಹೇಳಿದ್ದರು. ಬಸ್ಸಿನಲ್ಲಿ ಒಂದು ಲೀಟರ್ ನೀರು ಕುಡಿದೆ. ಪ್ರಯಾಣದಲ್ಲಿ ಅಷ್ಟು ನೀರು ಕುಡಿದದ್ದು ಬಹುಶಃ ಅದೇ ಮೊದಲು. ಪಕ್ಕದಲ್ಲಿ ಬದಲಿ ಬಟ್ಟೆಯ ಬ್ಯಾಗು ಹಿಡಿದು ಕೂತಿದ್ದ ಅಮ್ಮನಿಗೆ ಅದನ್ನು ನೋಡಿಯೇ ಕಸಿವಿಸಿ.

ಮೊದಲು ಯೂರೋಫ್ಲೋಮೆಟ್ರಿ. ಹೆಸರು ದೊಡ್ಡದು, ವಸ್ತು ಸಣ್ಣದು: ನಡುವೆ ತೂತಿರುವ ಒಂದು ಕುರ್ಚಿ, ಕೆಳಗೊಂದು ಆಲಿಕೆ, ಅದರಡಿಯಲ್ಲಿ ಸೆಕೆಂಡಿಗೆ ಎಷ್ಟು ಬೀಳುತ್ತಿದೆ ಎಂದು ಬರೆದುಕೊಳ್ಳುವ ಯಂತ್ರ. ಒಬ್ಬಳೇ ಇದ್ದೆ, ಬಾಗಿಲು ಹಾಕಿತ್ತು. ಸರಿಯಾಗಿದ್ದವರ ಗೆರೆ ಗಂಟೆಯ ಆಕಾರದಲ್ಲಿ ಒಮ್ಮೆ ಏರಿ ಒಮ್ಮೆ ಇಳಿಯುತ್ತದಂತೆ. ನನ್ನದು ಗರಗಸದ ಹಲ್ಲಿನ ಹಾಗಿತ್ತು.

ಆಮೇಲೆ ಮಂಚ. ಎರಡು ಮಿಲಿಮೀಟರ್‌ನಷ್ಟು ದಪ್ಪದ ನಳಿಕೆ ಮೂತ್ರಕೋಶಕ್ಕೆ, ಇನ್ನೊಂದು ಗುದದ್ವಾರದೊಳಕ್ಕೆ, ಪಕ್ಕದ ಸ್ನಾಯುಗಳ ಬಿಗಿ ನೋಡಲು ಎರಡು ಸ್ಟಿಕ್ಕರ್. ನೋವಿಗಿಂತ ಮುಜುಗರ ಹೆಚ್ಚು. ಎರಡನೇ ನಳಿಕೆ ಯಾಕೆ ಅಂತ ಕೇಳಿದೆ. ಟೆಕ್ನಿಷಿಯನ್ ಹುಡುಗಿ ಬೇಸರಪಡದೆ ಹೇಳಿದಳು: "ಕೆಮ್ಮಿದ್ರೆ, ತಿಣುಕಿದ್ರೆ ಹೊಟ್ಟೆಯ ಒತ್ತಡನೂ ಮೂತ್ರಕೋಶದ ಮೇಲೆ ಬೀಳುತ್ತೆ ಮೇಡಂ. ಅದನ್ನ ಅಳೆದು ಕಳೀತೀವಿ. ಉಳಿಯೋದೇ ಮೂತ್ರಕೋಶದ ಸ್ವಂತ ಒತ್ತಡ." ಕೆಮ್ಮಿಸಿ ನೋಡಿದಳು. ಪರದೆಯ ಮೇಲೆ ಎರಡು ಗೆರೆ ಒಟ್ಟಿಗೆ ನೆಗೆದವು, ಮೂರನೆಯದು ಅಲುಗಲಿಲ್ಲ. ಹೊರಗಿನದನ್ನು ಕಳೆದು ಒಬ್ಬರ ಸ್ವಂತದ್ದೆಷ್ಟು ಎಂದು ಹೇಳಬಲ್ಲ ಆ ಸರಳ ವ್ಯವಕಲನ ನನಗೆ ಬಹಳ ಹಿಡಿಸಿತು. ನಮ್ಮ ಸಮಾಜಶಾಸ್ತ್ರಕ್ಕೆ ಈ ಭಾಗ್ಯವಿಲ್ಲ.

ಸೆಲೈನು ಒಳಗೆ ಇಳಿಯತೊಡಗಿತು, ನಿಮಿಷಕ್ಕೆ 50 ಮಿಲಿಲೀಟರ್. "ಮೊದಲು ಗೊತ್ತಾದ ಕೂಡ್ಲೆ ಹೇಳಿ. ಹೋಗ್ಬೇಕು ಅನ್ಸಿದಾಗ ಹೇಳಿ. ತಡೆಯೋಕಾಗಲ್ಲ ಅನ್ಸಿದಾಗ ಹೇಳಿ." ಪ್ರಶ್ನೆಗಳು ಮೂರೇ. ಆದರೂ ಉತ್ತರಿಸುವುದು ಕಷ್ಟವಾಯಿತು. ಗೊತ್ತಾಗಿದ್ದನ್ನು ಗೊತ್ತಿಲ್ಲದ ಹಾಗೆ ಕೂರುವ ಅಭ್ಯಾಸ ಅಷ್ಟು ಹಳೆಯದು. ನಾನು "ಗೊತ್ತಾಯ್ತು" ಅಂದಾಗ 340 ಆಗಿತ್ತು. ಸಾಮಾನ್ಯವಾಗಿ ಅದಕ್ಕಿಂತ ಬಹಳ ಮೊದಲೇ ಗೊತ್ತಾಗಬೇಕಂತೆ. "ತಡೆಯೋಕಾಗಲ್ಲ" ಅಂದಾಗ 680. ದೊಡ್ಡವರ ಮೂತ್ರಕೋಶದಲ್ಲಿ ಸಾಧಾರಣವಾಗಿ 400ರಿಂದ 500 ಹಿಡಿಯುತ್ತದೆ.

ಮಂಚವನ್ನು ಕುರ್ಚಿಯ ಹಾಗೆ ಎತ್ತಿದರು. ಸಿಸ್ಟರ್ ಹೇಳಿದರು, "ಹೂಂ, ಈಗ ಹೋಗಿ."

ಬರಲಿಲ್ಲ. ಒಳಗೆ ಮುಕ್ಕಾಲು ಲೀಟರಿನಷ್ಟು ನೀರಿದೆ, ಹೊಟ್ಟೆ ಸಿಡಿಯುವ ಹಾಗಿದೆ, ಹೋಗು ಅನ್ನುತ್ತಿದ್ದಾರೆ, ಆದರೂ ಬರುತ್ತಿಲ್ಲ. ಜನ ಇದ್ದಾಗ 'ತಡ್ಕೊ' ಅನ್ನುವುದನ್ನೇ ಕೇಳಿ ಬೆಳೆದ ಮೈಗೆ, ಜನರ ಎದುರಿಗೇ 'ಹೋಗು' ಅನ್ನುವ ಮಾತು ಅರ್ಥವಾಗಲಿಲ್ಲವೇನೋ. ಕಣ್ಣಲ್ಲಿ ನೀರು ಬಂತು. ಸಿಸ್ಟರ್ ಏನೂ ಹೇಳದೆ ಮೂಲೆಯ ನಲ್ಲಿ ತಿರುಗಿಸಿ, ಇಬ್ಬರೂ ಪರದೆಯ ಹಿಂದೆ ಸರಿದರು. ನಲ್ಲಿಯ ಸದ್ದು ಕೇಳುತ್ತಾ ಎಷ್ಟು ಹೊತ್ತು ಕೂತೆನೋ. ಆಮೇಲೆ ಸ್ವಲ್ಪ ಬಂತು, ನಿಂತಿತು, ಮತ್ತೆ ಬಂತು. "ಸಾಕು ಮೇಡಂ, ಬೇಕಾದ್ದು ಸಿಕ್ತು," ಎಂದು ಪರದೆಯಾಚೆಯಿಂದ ಹುಡುಗಿಯ ದನಿ ಕೇಳಿತು.

ಡಾಕ್ಟರು ಗೆರೆಗಳನ್ನು ತೋರಿಸಿದರು. ಮೂತ್ರಕೋಶ ಹಿಂಡಿತ್ತು, ಅದೂ ಚೆನ್ನಾಗಿಯೇ, 48 ಸೆಂಟಿಮೀಟರ್ ನೀರಿನಷ್ಟು. ಅದು ಹಿಂಡುತ್ತಿದ್ದ ಹೊತ್ತಿನಲ್ಲೇ, ಸಡಿಲವಾಗಬೇಕಿದ್ದ ತಳದ ಸ್ನಾಯುಗಳು ಬಿಗಿಯಾಗಿದ್ದವು. ಸ್ಟಿಕ್ಕರಿನ ಗೆರೆ ಇಳಿಯುವ ಬದಲು ಏರಿತ್ತು. ಒಳಗಿನವರು ದೂಡುತ್ತಿದ್ದಾರೆ, ಬಾಗಿಲಲ್ಲಿ ನಿಂತವರು ಚಿಲಕ ಹಿಡಿದಿದ್ದಾರೆ.

"ನಳಿಕೆ ಬೇಕಾಗಲ್ಲ," ಎಂದರು. ಪಕ್ಕದಲ್ಲಿದ್ದ ಅಮ್ಮ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

"ಇಷ್ಟು ವರ್ಷ ತಡೆದಿದ್ದಕ್ಕೇ ಹೀಗಾಯ್ತಾ ಡಾಕ್ಟ್ರೇ?" ನಾನು ಕೇಳಿದೆ.

"ಅದೊಂದೇ ಕಾರಣ ಅಂತ ನಿಮ್ಮ ವಿಷಯದಲ್ಲಿ ನಾನು ಹೇಳೋಕಾಗಲ್ಲ. ಆದ್ರೆ ನರದಲ್ಲಿ ತೊಂದ್ರೆ ಇಲ್ಲ. ಇದು ಸ್ನಾಯು ರೂಢಿ ಮಾಡ್ಕೊಂಡಿರೋದು. ರೂಢಿ ಬಿಡಿಸ್ಬಹುದು."

ಎರಡು ದಿನ ಉರಿ ಇತ್ತು, ನೀರು ಕುಡಿದಂತೆ ಕಡಿಮೆಯಾಯಿತು. ಈಗ ವಾರಕ್ಕೊಮ್ಮೆ ಫಿಸಿಯೋಥೆರಪಿಗೆ ಹೋಗುತ್ತೇನೆ. ಪರದೆಯ ಮೇಲೆ ನನ್ನದೇ ಸ್ನಾಯುವಿನ ಗೆರೆ ನೋಡುತ್ತಾ ಅದನ್ನು ಇಳಿಸುವುದನ್ನು ಕಲಿಯುವುದು ಅಲ್ಲಿನ ಕೆಲಸ. ಬಿಗಿ ಹಿಡಿಯುವುದು ಒಂದು ಕ್ಷಣದ ಮಾತು, ಬಿಡುವುದಕ್ಕೆ ವಾರಗಳು ಬೇಕಾಗುತ್ತವೆ. ಮೂರು ಗಂಟೆಗೊಮ್ಮೆ, ಬೇಕೆನ್ನಿಸಲಿ ಬಿಡಲಿ, ಹೋಗಬೇಕು. ಅದಕ್ಕಾಗಿ ಫೋನಿನಲ್ಲಿ ಅಲಾರಂ ಇಟ್ಟಿದ್ದೇನೆ. ಸೆಮಿನಾರಿನ ನಡುವೆ ಅದು ಬಡಿದಾಗ ಎದ್ದು ಹೋಗುತ್ತೇನೆ. ಮೊದಮೊದಲು ಎಲ್ಲರೂ ನೋಡುತ್ತಿದ್ದರು. ಈಗ ಇಬ್ಬರು ಜೂನಿಯರ್ ಹುಡುಗಿಯರೂ ನನ್ನ ಜೊತೆಗೇ ಏಳುತ್ತಾರೆ.

ಡಾಕ್ಟರ ಮಾತು ಮಾತ್ರ ತಲೆಯಲ್ಲೇ ಉಳಿದಿದೆ. ನರದಲ್ಲಿ ತೊಂದರೆಯಿಲ್ಲ, ಸ್ನಾಯು ರೂಢಿ ಮಾಡಿಕೊಂಡಿದೆ. ಮೂರು ತಲೆಮಾರಿನ ಹೆಂಗಸರು ಇದೇ ರೂಢಿಯಲ್ಲಿ ಬದುಕಿದರೆ ಅದನ್ನು ಯಾರೂ ರೋಗ ಅನ್ನುವುದಿಲ್ಲ, ಲಕ್ಷಣ ಅನ್ನುತ್ತಾರೆ. 'ಲಕ್ಷಣವಾದ ಹುಡುಗಿ' ಅನ್ನುವಾಗಿನ ಲಕ್ಷಣ.

ನನ್ನ ಸಂದರ್ಶನದ ಪ್ರಶ್ನಾವಳಿಗೆ ಈಗ ಇನ್ನೊಂದು ಪ್ರಶ್ನೆ ಸೇರಿದೆ. ಮುಳುಗಡೆಯಲ್ಲಿ ಹೋದದ್ದೇನು ಅಂದರೆ ಎಲ್ಲರೂ ಮನೆ, ಗದ್ದೆ, ತೆಂಗಿನಮರ, ಚರ್ಚು ಅನ್ನುತ್ತಾರೆ. ಹೊಸ ಪ್ರಶ್ನೆಯನ್ನು ಮೊದಲು ಕೇಳಿದ್ದು ಅಜ್ಜಿಗೆ. "ಹಳೇ ಊರಲ್ಲಿ ಹೊರಗಡೆಗೆ ಎಲ್ಲಿಗೆ ಹೋಗ್ತಿದ್ರಿ ಅಜ್ಜಿ?"

ಅಜ್ಜಿ ಮೊದಲು ನಕ್ಕಳು. "ಥೂ, ಇದ್ನೂ ಬರೀತೀಯೇನೇ?" ಎಂದಳು. ರೆಕಾರ್ಡರ್ ಆಫ್ ಮಾಡಲೇ ಎಂದು ಕೇಳಿದೆ, ಬೇಡ ಅಂದಳು. ಆಮೇಲೆ ಹೊಳೆ ಕಡೆ ಇಳಿಯುವ ದಾರಿಯ ಲಂಟಾನ ಪೊದೆಗಳು, ಅದರ ಹಿಂದಿನ ತಗ್ಗು, ಜೊತೆಗೆ ಬರುತ್ತಿದ್ದ ಓರಗೆಯವರ ಹೆಸರುಗಳು, ಅಲ್ಲಿ ಆಡುತ್ತಿದ್ದ ಮಾತುಗಳು ಎಲ್ಲ ಬಂದವು. ಮೇಲೆ ಹೊಸ ಜಾಗಕ್ಕೆ ಬಂದಾಗ ಸುತ್ತ ಬೋಳು ಬಯಲು, ಮರೆಗೆ ಒಂದು ಗಿಡವೂ ಇರಲಿಲ್ಲವಂತೆ.

"ಮನೆಗೆ ದುಡ್ಡು ಕೊಟ್ರು, ಮರಕ್ಕೂ ಕೊಟ್ರು," ಅಂದಳು. "ಆ ಪೊದೆ ಹೋಯ್ತಲ್ಲ, ಅದನ್ಯಾರು ಕೇಳ್ತಾರೆ ಮಗ? ಆವತ್ತಿಂದ್ಲೇ ನಾವು ಕತ್ತಲಾಗೋದ ಕಾಯಕ್ಕೆ ಶುರು ಮಾಡಿದ್ದು."

ಅಜ್ಜಿ ಅಂದು ನಲವತ್ತು ನಿಮಿಷ ಮಾತಾಡಿದಳು.