ಸಾಲ್ಮನ್‌ಗೆ ಸ್ಟಾಂಪು, ಪರ್ಚ್‌ಗೆ ಬಕೆಟ್ಟು

ಕರಾವಳಿಯವರಿಗೆ ಮಿಷಿಗನ್ ಸರೋವರವನ್ನು ಸರೋವರ ಅನ್ನಲು ಬಾಯಿ ಬರುವುದಿಲ್ಲ. ಆಚೆ ದಡ ಕಾಣದು. ಗಾಳಿ ಎದ್ದರೆ ಅಲೆ ಆಳೆತ್ತರ ಬರುತ್ತದೆ. ವಿಸ್ತೀರ್ಣ ಸುಮಾರು 58,000 ಚದರ ಕಿಲೋಮೀಟರು, ಅಂದರೆ ಇಡೀ ಕರ್ನಾಟಕದ ಮೂರನೇ ಒಂದು ಪಾಲಿಗೆ ತುಸು ಕಡಿಮೆ. ತೀರಾ ಆಳದಲ್ಲಿ 281 ಮೀಟರು. ಕುಂದಾಪುರದಿಂದ ಬಂದ ನನ್ನ ಭಾವಮೈದ ಷಿಕಾಗೋ ದಂಡೆಯ ಕಾಂಕ್ರೀಟು ಮೆಟ್ಟಿಲಿಳಿದು ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡ. "ಭಾವ, ಉಪ್ಪೇ ಇಲ್ಲೆ ಕಾಣಿ!" ಅಂದವನ ದನಿಯಲ್ಲಿ ಯಾರೋ ಮೋಸ ಮಾಡಿದರೆಂಬ ಸಿಟ್ಟಿತ್ತು. ಮನೆಯ ನಲ್ಲಿಯಲ್ಲಿ ಬರುವುದೂ ಇದೇ ನೀರು ಎಂದು ಹೇಳಿದ ಮೇಲೆ ಕಾಫಿಯನ್ನೂ ಅನುಮಾನದಿಂದಲೇ ಕುಡಿದ.

ನಗರದ ಉತ್ತರ ಭಾಗದಲ್ಲಿ ಮಾಂಟ್ರೋಸ್ ಬಂದರು. ಅಲ್ಲಿ ಕುದುರೆಲಾಳದ ಹಾಗೆ ಬಾಗಿದ ಕಟ್ಟೆಯೊಂದಿದೆ, ಹೆಸರೂ ಅದೇ. ಬೇಸಿಗೆಯ ಬೆಳಿಗ್ಗೆ ಅಲ್ಲಿ ಕೂತರೆ ಪೋಲಿಷ್, ಸ್ಪ್ಯಾನಿಷ್, ವಿಯೆಟ್ನಾಮೀಸ್ ಎಲ್ಲ ಕಿವಿಗೆ ಬೀಳುತ್ತವೆ. ಎಲ್ಲರ ಬಳಿಯೂ ಬಣ್ಣದ ಅಂಗಡಿಯ ಐದು ಗ್ಯಾಲನ್ ಬಕೆಟ್ಟು. ಬರುವಾಗ ಅದು ಚೀಲ, ಕೂರುವಾಗ ಕುರ್ಚಿ, ಅದೃಷ್ಟವಿದ್ದರೆ ಹೋಗುವಾಗ ಮೀನಿನ ಪಾತ್ರೆ. ಪರಸ್ಪರ ಹೆಸರು ಕೇಳುವ ರೂಢಿ ಇಲ್ಲ. ಕೇಳುವುದು ಒಂದೇ: ಪರ್ಚ್ ಸಿಗುತ್ತಿದೆಯೇ?

ಪರ್ಚ್ ಎಂದರೆ ಗೇಣುದ್ದದ ಹಳದಿ ಮೀನು. ಬೆನ್ನಿನಿಂದ ಕೆಳಗಿಳಿಯುವ ಕಪ್ಪು ಪಟ್ಟೆ, ಹೊಟ್ಟೆಯ ಕೆಳಗೆ ಕಿತ್ತಳೆ ಬಣ್ಣದ ರೆಕ್ಕೆ. ಸರೋವರದ ಮೂಲನಿವಾಸಿ. ಹಿಂಡಾಗಿ ತಿರುಗುತ್ತದೆ, ಆದ್ದರಿಂದ ಒಬ್ಬನ ದಾರ ಅಲುಗಿತೆಂದರೆ ಸಾಲಿನಲ್ಲಿದ್ದವರೆಲ್ಲ ಬೆನ್ನು ನೆಟ್ಟಗೆ ಮಾಡುತ್ತಾರೆ. ಗಾಳಕ್ಕೆ ಎರೆಹುಳ, ಚಿಕ್ಕ ಮೀನು, ಇಲ್ಲವೇ ಆಗಷ್ಟೇ ಪೊರೆ ಕಳಚಿ ಮೆತ್ತಗಾಗಿರುವ ಕ್ರೇಫಿಶ್. ಈ ಕೊನೆಯದರ ಮೇಲೆ ಷಿಕಾಗೋದ ಹಳಬರಿಗೆ ಇರುವ ನಂಬಿಕೆಯನ್ನು ನಾನು ದೇವರ ಮೇಲೂ ಕಂಡಿಲ್ಲ. ಬೇಸಿಗೆಯಲ್ಲಿ ಪಡುಗಾಳಿ ಬೀಸಿದರೆ ಮಾತ್ರ ಲೆಕ್ಕ ತಪ್ಪುತ್ತದೆ. ಅದು ಮೇಲಿನ ಬೆಚ್ಚನೆಯ ನೀರನ್ನು ನಡುಸರೋವರಕ್ಕೆ ತಳ್ಳಿಬಿಡುತ್ತದೆ, ತಳದ ಕೊರೆಯುವ ನೀರು ದಡದತ್ತ ಏರಿ ಬರುತ್ತದೆ. ನಿನ್ನೆ ಮಕ್ಕಳು ಈಜಿದ ಕಡೆ ಇವತ್ತು ಕಾಲಿಡಲಾಗದು. ನಿನ್ನೆಯ ಪರ್ಚ್ ಎಲ್ಲಿ ಹೋಯಿತೋ, ಕೇಳಬಾರದು.

ಸಾಲ್ಮನ್ ವಿಷಯ ಬೇರೆ. ಅದಕ್ಕೆ ಸರ್ಕಾರಿ ಮರ್ಯಾದೆ ಉಂಟು. ಇಲಿನಾಯ್‌ನಲ್ಲಿ ಮೀನು ಹಿಡಿಯುವ ಲೈಸೆನ್ಸಿನ ಮೇಲೆ ಸಾಲ್ಮನ್‌ಗೆಂದೇ ಇನ್ನೊಂದು ಸ್ಟಾಂಪು ಕೊಳ್ಳಬೇಕು. ಪರ್ಚ್‌ಗೆ ಆ ಉಪಚಾರ ಇಲ್ಲ. ಮಾರ್ಚ್ ಕೊನೆಗೆ ಸರೋವರದ ದಕ್ಷಿಣದ ತುದಿ ಮೊದಲು ಬೆಚ್ಚಗಾಗುತ್ತದೆ, ಕೋಹೋ ಸಾಲ್ಮನ್‌ಗಳು ಅಲ್ಲಿಗೆ ನೆರೆಯುತ್ತವೆ. ಆಗ ಕಟ್ಟೆಯ ಮೇಲೆ ಪವರ್‌ಲೈನಿನವರು ಹಾಜರು. ಗ್ಯಾಸಿನ ಒತ್ತಡದಿಂದ ಸಿಡಿಯುವ ಒಂದು ಪುಟ್ಟ ಫಿರಂಗಿಯಲ್ಲಿ ಭಾರದ ಗುಂಡನ್ನು ನೀರಿನೊಳಕ್ಕೆ ದೂರ ಹಾರಿಸುತ್ತಾರೆ. ಅದರ ಹಿಂದೆ ದಾರ, ದಾರಕ್ಕೆ ಸಾಲು ಸಾಲು ಗಾಳ, ದಡದ ತುದಿಯಲ್ಲಿ ಒಂದು ಗಂಟೆ. ಆಮೇಲೆ ಜಾಕೆಟ್ಟಿನ ಟೋಪಿ ಎಳೆದುಕೊಂಡು ಗಂಟೆ ಬಾರಿಸುವುದನ್ನು ಕಾಯುವುದು. ನಮ್ಮೂರಿನ ಕೈರಂಪಣಿಯಲ್ಲಿ ಬಲೆ ಎಳೆಯಲು ಅರ್ಧ ಊರೇ ಸೇರುತ್ತಿತ್ತು. ಇಲ್ಲಿ ಒಬ್ಬ ಮನುಷ್ಯ, ಒಂದು ಫಿರಂಗಿ, ಒಂದು ಥರ್ಮಾಸು. ಕಸುಬು ಚೆನ್ನಾಗಿದೆ, ಆದರೆ ಗಲಾಟೆ ಸಾಲದು.

ಈ ಸಾಲ್ಮನ್ ಇಲ್ಲಿಯದಲ್ಲ. ಪೆಸಿಫಿಕ್ ಸಾಗರದ ಮೀನು ಅಮೆರಿಕದ ನಟ್ಟನಡುವೆ ಹೇಗೆ ಬಂತೆನ್ನುವುದಕ್ಕೆ ಒಂದು ದೊಡ್ಡ ಕಥೆಯೇ ಇದೆ. ನಯಾಗರ ಜಲಪಾತವನ್ನು ತಪ್ಪಿಸಿಕೊಂಡು ಹಡಗು ಸಾಗಲೆಂದು ವೆಲೆಂಡ್ ಕಾಲುವೆ ತೋಡಿದರು. ಅದರ ದಾರಿಯಾಗಿ ಅಟ್ಲಾಂಟಿಕ್‌ನ ಸೀ ಲ್ಯಾಂಪ್ರೇ ಎಂಬ ರಕ್ತ ಹೀರುವ ಜಂತು ಮೇಲಿನ ಸರೋವರಗಳಿಗೆ ನುಗ್ಗಿತು. ಅದರ ಹಾವಳಿ ಒಂದು ಕಡೆ, ಮೀನುಗಾರರ ದುರಾಸೆ ಇನ್ನೊಂದು ಕಡೆ. 1950ರ ದಶಕದ ಹೊತ್ತಿಗೆ ಮಿಷಿಗನ್ ಸರೋವರದ ಲೇಕ್ ಟ್ರೌಟ್ ಎಂಬ ದೊಡ್ಡ ಮೀನು ಹೆಚ್ಚುಕಡಿಮೆ ನಿರ್ನಾಮ. ತಿನ್ನುವವರಿಲ್ಲದ ಮನೆಗೆ, 1949ರಲ್ಲಿ ಮೊದಲು ಕಣ್ಣಿಗೆ ಬಿದ್ದ ಏಲ್‌ವೈಫ್ ಎಂಬ ಇನ್ನೊಂದು ಅಟ್ಲಾಂಟಿಕ್ ಮೀನು ಹೊಕ್ಕು, ಮಿತಿಯಿಲ್ಲದೆ ಹೆಚ್ಚಿತು. ನಮ್ಮ ಬೂತಾಯಿಯ ದೂರದ ನೆಂಟ. 1967ರ ಬೇಸಿಗೆಯಲ್ಲಿ ರಾಶಿರಾಶಿಯಾಗಿ ಸತ್ತು ದಡಕ್ಕೆ ಬಿದ್ದವು. ಷಿಕಾಗೋದ ಬೀಚುಗಳು ನಾರಿದವು. ಬುಲ್ಡೋಜರಿನಿಂದ ಎತ್ತಬೇಕಾಯಿತು. ನಮ್ಮ ಕಡೆಯವರ ಕೈಗೆ ಸಿಕ್ಕಿದ್ದರೆ ಅಷ್ಟನ್ನೂ ತೆಂಗಿನ ಬುಡಕ್ಕೆ ಹಾಕಿ ಮೂರು ವರ್ಷ ಕಾಯಿ ಎಣಿಸುತ್ತಿದ್ದರು.

ಅದಕ್ಕೊಂದು ವರ್ಷ ಮೊದಲೇ, 1966ರ ವಸಂತದಲ್ಲಿ, ಮಿಷಿಗನ್ ರಾಜ್ಯದ ಮೀನುಗಾರಿಕೆ ಮುಖ್ಯಸ್ಥ ಹೊವಾರ್ಡ್ ಟ್ಯಾನರ್ ಒರೆಗಾನ್‌ನಿಂದ ಮೊಟ್ಟೆ ತರಿಸಿ ಬೆಳೆಸಿದ ಕೋಹೋ ಮರಿಗಳನ್ನು ಪ್ಲಾಟ್ ನದಿಗೆ ಬಿಡಿಸಿದ್ದರು. ಕಸವೆಂದುಕೊಂಡ ಏಲ್‌ವೈಫ್ ಸಾಲ್ಮನ್‌ಗೆ ಹಬ್ಬದೂಟವಾಯಿತು. ಮರುವರ್ಷ ಕೋಹೋ ಹುಚ್ಚು ಎಷ್ಟು ಹಿಡಿಯಿತೆಂದರೆ, ಪುಟ್ಟ ದೋಣಿಗಳಲ್ಲಿ ಜನ ಮುಗಿಬಿದ್ದರು. ಸೆಪ್ಟೆಂಬರಿನ ಒಂದು ಬಿರುಗಾಳಿಯಲ್ಲಿ ಏಳು ಜನ ಮುಳುಗಿ ಸತ್ತರು. ಸಪ್ಪೆ ಕಡಲೂ ಕಡಲೇ. ನಮ್ಮ ಕೆರೆಗಳಿಗೆ ಇಲಾಖೆಯವರು ಗಂಗೆಯ ಬಯಲಿನ ಕಟ್ಲಾ, ರೋಹು ಬಿಡುವುದನ್ನು ನೋಡಿದವನಿಗೆ ಈ ಯೋಜನೆ ವಿಚಿತ್ರವೆನಿಸದು. ಆದರೆ ಒಂದು ಮೀನನ್ನು ತಿನ್ನಿಸಲು ಇನ್ನೊಂದನ್ನು ತಂದು, ಅದರ ಹೆಸರಿನಲ್ಲಿ ಸ್ಟಾಂಪು, ದೋಣಿ ಬಾಡಿಗೆ, ಹೋಟೆಲು, ಪಂದ್ಯಗಳ ಪ್ರಪಂಚವನ್ನೇ ಕಟ್ಟಿದ್ದಾರಲ್ಲ, ಅದು ಅಮೆರಿಕದವರಿಗೇ ಸೈ.

ಶರತ್ಕಾಲದಲ್ಲಿ ಈ ಯೋಜನೆಯ ತಮಾಷೆ ಬಂದರುಗಳಲ್ಲಿ ಕಾಣುತ್ತದೆ. ಮರಿಗಳಾಗಿದ್ದಾಗ ಬಿಟ್ಟ ಜಾಗಕ್ಕೇ ಚಿನೂಕ್ ಎಂಬ ಇನ್ನೊಂದು ಬಗೆಯ ಸಾಲ್ಮನ್‌ಗಳು ಮೂರು ನಾಲ್ಕು ವರ್ಷಕ್ಕೆ ಮರಳುತ್ತವೆ, ಮೊಟ್ಟೆಯಿಡಲು. ಬಿಟ್ಟದ್ದು ಡೈವರ್ಸಿ, ಜಾಕ್ಸನ್‌ನಂಥ ಕಾಂಕ್ರೀಟು ಬಂದರಿಗೆ. ಅಲ್ಲಿ ಜಲ್ಲಿಕಲ್ಲಿನ ತಳವಿಲ್ಲ, ಹರಿಯುವ ನೀರಿಲ್ಲ. ವಿಹಾರದೋಣಿಗಳ ನಡುವೆ ಕಪ್ಪಾದ, ಮೊಣಕೈಗಿಂತ ಉದ್ದದ ಮೀನುಗಳು ಸುತ್ತು ಹಾಕುತ್ತವೆ. ಆ ಹೊತ್ತಿಗೆ ಅವು ಉಣ್ಣುವುದನ್ನು ಬಿಟ್ಟಿರುತ್ತವೆ. ಗಾಳ ಕಚ್ಚಿದರೆ ಅದು ಹಸಿವಿಗಲ್ಲ, ಸಿಟ್ಟಿಗೆ. ಹಿಡಿದವರು ಫೋಟೋ ತೆಗೆಸಿಕೊಳ್ಳುತ್ತಾರೆ. ತಿನ್ನುವ ಆಸೆ ಯಾರಿಗೂ ಅಷ್ಟಾಗಿ ಇರುವುದಿಲ್ಲ, ಮಾಂಸ ಆಗಲೇ ಬಿಳಚಿಕೊಂಡು ಸಡಿಲವಾಗಿರುತ್ತದೆ. ಅನುಭವಸ್ಥರು ಹೊಟ್ಟೆಯ ಮೊಟ್ಟೆ ತೆಗೆದಿಟ್ಟು ಬೇರೆ ಟ್ರೌಟ್ ಹಿಡಿಯಲು ಗಾಳಕ್ಕೆ ಬಳಸುತ್ತಾರೆ. ವಸಂತದ ಕೋಹೋ ರುಚಿಯೇ, ಸುಳ್ಳು ಹೇಳಬಾರದು. ಆದರೆ ಸರೋವರದಲ್ಲಿ ಕಾರ್ಖಾನೆಗಳ ಪಿಸಿಬಿ ವಿಷದ ಉಳಿಕೆ ಇರುವುದರಿಂದ ಸಾಲ್ಮನ್ ತಿಂಗಳಿಗೊಂದು ಊಟಕ್ಕೆ ಸಾಕು ಎಂದು ಆರೋಗ್ಯ ಇಲಾಖೆ ಹೇಳುತ್ತದೆ. ತಿಂಗಳಿಗೊಮ್ಮೆ ಮೀನು ತಿನ್ನುವುದಕ್ಕೆ ನಮ್ಮಲ್ಲಿ ವ್ರತ ಅನ್ನುತ್ತಾರೆ.

ಪರ್ಚ್‌ನ ಕಾಲ ಈಗ ಚೆನ್ನಾಗಿಲ್ಲ. ಹಡಗುಗಳ ತಳದ ನೀರಿನಲ್ಲಿ ಬಂದ ಕ್ವಾಗಾ ಎಂಬ ಉಗುರಗಲದ ಚಿಪ್ಪಿ ಸರೋವರದ ತಳವನ್ನೆಲ್ಲ ಹೊದ್ದು, ಕಣ್ಣಿಗೆ ಕಾಣದ ಜೀವಿಗಳನ್ನು ಸೋಸಿ ತಿನ್ನುತ್ತಿದೆ. ನೀರು ಗಾಜಿನಷ್ಟು ತಿಳಿ, ಪ್ರವಾಸಿಗಳಿಗೆ ಖುಷಿ. ಮರಿಮೀನಿಗೆ ಮಾತ್ರ ಅನ್ನವಿಲ್ಲ. 1990ರ ದಶಕದಲ್ಲಿ ಪರ್ಚ್ ಕುಸಿದಾಗ ಇಲ್ಲಿ ಅದನ್ನು ಬಲೆ ಹಾಕಿ ಹಿಡಿದು ಮಾರುವುದನ್ನು ನಿಲ್ಲಿಸಿದರು. ಶುಕ್ರವಾರದ ಮೀನೂಟಕ್ಕೆ ಹೋಟೆಲುಗಳಲ್ಲಿ ಈಗ ಸಿಗುವ ಪರ್ಚ್ ಹೆಚ್ಚಾಗಿ ಈರಿ ಸರೋವರದ್ದು. ಗಾಳದವರಿಗೂ ದಿನಕ್ಕೆ ತಲೆಗೆ ಹದಿನೈದೇ.

ನಮ್ಮ ಮನೆಯಲ್ಲಿ ಪರ್ಚ್‌ನ ಮೈ ಕೆರೆದು, ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಹುಣಸೆ ಅರೆದು ಹಚ್ಚಿ, ಅಕ್ಕಿಹಿಟ್ಟಿನಲ್ಲಿ ಹೊರಳಿಸಿ ಕಾವಲಿಗೆ ಹಾಕುತ್ತೇವೆ. ಬಿಳಿ, ಗಟ್ಟಿ, ತುಸು ಸಿಹಿ. ಕಾಣೆ ಮೀನಿನ ಹತ್ತಿರಕ್ಕೆ ಬರುತ್ತದೆ. ಸಮ ಎಂದು ಹೇಳಿದರೆ ಊರಿನವರು ಬಹಿಷ್ಕಾರ ಹಾಕಿಯಾರು. ಹದಿನೈದು ಪರ್ಚ್ ಕರಾವಳಿಯ ಒಂದು ಸಂಸಾರಕ್ಕೆ ಬಾಯಾಡಿಸಲು ಸಾಕಾದೀತು, ಊಟಕ್ಕಲ್ಲ. ಆದ್ದರಿಂದ ಊರಿನಿಂದ ನೆಂಟರು ಬಂದರೆ ಅವರನ್ನು ಎತ್ತರದ ಕಟ್ಟಡ ತೋರಿಸಲು ಕರೆದೊಯ್ಯುವ ಮುಂಚೆ ಒಂದು ದಿನದ ಲೈಸೆನ್ಸು ಮಾಡಿಸಿಬಿಡುತ್ತೇನೆ. ಶಾಕಾಹಾರಿ ನೆಂಟರಾದರೆ ಇನ್ನೂ ಲಾಭ, ಆದರೆ ಅವರು ಗಾಳ ಮುಟ್ಟಲು ಒಪ್ಪಬೇಕಲ್ಲ.