ಕಡಲಂಚಿನ ಕಾಲುದಾರಿ

ಐಬೀರಿಯಾ ಪರ್ಯಾಯದ್ವೀಪದ ಪಶ್ಚಿಮದ ಅಂಚಿನಲ್ಲಿ ಉತ್ತರದಿಂದ ದಕ್ಷಿಣಕ್ಕೆ ಸುಮಾರು 560 ಕಿ.ಮೀ. ಉದ್ದಕ್ಕೆ ಚಾಚಿಕೊಂಡಿರುವ, ಅಗಲದಲ್ಲಿ ಹೆಚ್ಚೆಂದರೆ 220 ಕಿ.ಮೀ. ಇರುವ ಪೋರ್ಚುಗಲ್ಲಿಗೆ ನೆಲದ ಕಡೆಯ ನೆರೆ ಸ್ಪೇನ್ ಒಂದೇ. ಪಶ್ಚಿಮಕ್ಕೂ ದಕ್ಷಿಣಕ್ಕೂ ಅಟ್ಲಾಂಟಿಕ್ ಸಾಗರ. ಈ ಭೂಗೋಳದ ಕಾರಣದಿಂದಲೇ ಆ ದೇಶದ ಚರಿತ್ರೆಯಲ್ಲಿ ಎರಡು ಬಗೆಯ ಜನ ಕಾಣಸಿಗುತ್ತಾರೆ: ಹಡಗು ಹತ್ತಿ ಹೊರಟುಹೋದವರು, ಮತ್ತು ದಡದಲ್ಲೇ ಉಳಿದು ಬಲೆಯನ್ನೋ ಗಾಳವನ್ನೋ ನಂಬಿ ಬದುಕಿದವರು. ಪ್ರವಾಸಿಗಳು ಮುಗಿಬೀಳುವ ಹೆಸರಾಂತ ಸ್ಥಳಗಳಲ್ಲಿ ಬಹುಪಾಲು ಮೊದಲನೆಯವರ ಸ್ಮಾರಕಗಳು. ಎರಡನೆಯವರಿಗಾಗಿ ಕಲ್ಲಿನಲ್ಲಿ ಕಟ್ಟಿದ್ದು ಕಡಿಮೆ. ಆದರೆ ಅವರು ತುಳಿದು ತುಳಿದು ಮೂಡಿಸಿದ ದಾರಿಗಳು ಇಂದಿಗೂ ಉಳಿದಿವೆ, ಮತ್ತು ಕಾಲ್ನಡಿಗೆಯ ರುಚಿ ಹತ್ತಿದವರ ಪಾಲಿಗೆ ಪೋರ್ಚುಗಲ್ ಎಂದರೆ ಮುಖ್ಯವಾಗಿ ಆ ದಾರಿಗಳೇ.

ಹಾಗೆಂದು ಹೆಸರಾಂತ ಸ್ಥಳಗಳನ್ನು ಬಿಟ್ಟು ಹೋಗುವುದು ಜಾಣತನವಲ್ಲ. ರಾಜಧಾನಿ ಲಿಸ್ಬನ್ನಿನ ಪಶ್ಚಿಮಕ್ಕೆ, ತೇಜು ನದಿ ಸಮುದ್ರ ಸೇರುವ ಬೆಲೆಂ ಎಂಬಲ್ಲಿ, ದೊರೆ ಮೊದಲನೆಯ ಮನುಯೆಲ್ 16ನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ ಜೆರೋನಿಮೊಸ್ ಮಠವನ್ನು ಸಾವಕಾಶವಾಗಿ ನೋಡಬೇಕು. ಅವನ ಹೆಸರಿನಿಂದಲೇ ಮನುಯೆಲೀನ್ ಎಂದು ಕರೆಯಲಾಗುವ ಈ ಶಿಲ್ಪಶೈಲಿಯಲ್ಲಿ ಕಂಬಗಳ ಮೈಮೇಲೆ ಹಡಗಿನ ಹಗ್ಗ, ಹವಳದ ಕೊಂಬೆ ಮತ್ತು ಖಗೋಳವನ್ನು ಬಳೆಗಳಲ್ಲಿ ತೋರಿಸುವ ನೌಕಾಯಾನದ ಉಪಕರಣ ಎಲ್ಲವೂ ಸುಣ್ಣಕಲ್ಲಿನಲ್ಲಿ ಮೂಡಿವೆ. ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ಹಾಕಿದ ಶೇ. 5ರ ತೆರಿಗೆಯ ಹಣ ಈ ಕಟ್ಟಡಕ್ಕೆ ಹರಿದುಬಂದಿತು. ಒಳಗೆ ಮಲಗಿರುವ ವಾಸ್ಕೋ ಡ ಗಾಮನ ಸಮಾಧಿಯ ಎದುರು ನಿಂತ ಕನ್ನಡಿಗನಿಗೆ ಆ ಕತೆಯ ಇನ್ನೊಂದು ತುದಿ ತಾನಾಗಿ ನೆನಪಾಗುತ್ತದೆ: 1498ರಲ್ಲಿ ಕಲ್ಲಿಕೋಟೆಯಿಂದ ಮರಳುವಾಗ ಅವನ ಹಡಗುಗಳು ದುರಸ್ತಿಗೆಂದು ತಂಗಿದ್ದು ಕಾರವಾರದ ಹತ್ತಿರದ ಅಂಜದೀವ ದ್ವೀಪದಲ್ಲಿ. ವಿಜಯನಗರವನ್ನು ಕಣ್ಣಾರೆ ಕಂಡು ಬರೆದ ಪಾಯೆಸ್ ಮತ್ತು ನೂನಿಜರ ಬರಹಗಳನ್ನು ವಿದ್ವಾಂಸ ಡೇವಿಡ್ ಲೋಪೆಸ್ 1897ರಲ್ಲಿ ಅಚ್ಚು ಹಾಕಿಸಿದ್ದು ಇದೇ ಲಿಸ್ಬನ್ನಿನಲ್ಲಿ. ಹಂಪಿಯ ಮಹಾನವಮಿಯ ವೈಭವವನ್ನು ಕುರಿತು ನಮ್ಮ ಚರಿತ್ರೆಯ ಪುಸ್ತಕಗಳು ಹೇಳುವುದರಲ್ಲಿ ಗಣನೀಯ ಭಾಗ ಆ ಬರಹಗಳಿಂದ ಬಂದದ್ದು.

ಲಿಸ್ಬನ್ ನಗರವನ್ನು ಅರಿಯುವ ಕ್ರಮವೂ ನಡಿಗೆಯೇ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ ಜನ ಇಗರ್ಜಿಗಳಲ್ಲಿ ನೆರೆದಿದ್ದಾಗ, ಭೂಕಂಪ ಬಡಿದು, ಅದರ ಬೆನ್ನಿಗೆ ಸುನಾಮಿಯೂ ಬೆಂಕಿಯೂ ಬಂದು ಊರು ನೆಲಕಚ್ಚಿತು. ಆಮೇಲೆ ಮಂತ್ರಿ ಪೊಂಬಾಲ್ ಕಟ್ಟಿಸಿದ ಕೆಳಪೇಟೆಯ ಬೀದಿಗಳು ನೂಲು ಹಿಡಿದು ಎಳೆದಷ್ಟು ನೇರವಾಗಿವೆ. ಅಲ್ಲಿನ ಮನೆಗಳ ಗೋಡೆಗಳೊಳಗೆ, ನೆಲ ನಡುಗಿದರೆ ಬಾಗಿ ತಡೆದುಕೊಳ್ಳಲೆಂದು, ಅಡ್ಡಪಟ್ಟಿಗಳಿಂದ ಹೆಣೆದ ಮರದ ಚೌಕಟ್ಟನ್ನು ಅಡಗಿಸಲಾಯಿತು. ಪಕ್ಕದ ಗುಡ್ಡದ ಅಲ್ಫಾಮಾ ಮಾತ್ರ ಬಹುಮಟ್ಟಿಗೆ ಬದುಕಿ ಉಳಿದು, ತನ್ನ ಹಳೆಯ ಅಂಕುಡೊಂಕಿನ ಓಣಿಗಳನ್ನು ಕಾಪಾಡಿಕೊಂಡಿದೆ. ಈ ಗುಡ್ಡವನ್ನು ಹತ್ತುವ 28ನೆಯ ನಂಬರಿನ ಹಳದಿ ಟ್ರಾಮಿಗಾಗಿ ಪ್ರವಾಸಿಗಳು ಸಾಲುಗಟ್ಟಿ ಕಾಯುತ್ತಾರೆ. ಅಷ್ಟು ಹೊತ್ತಿನಲ್ಲಿ ಅದರ ಹಳಿಯನ್ನು ಹಿಡಿದು ನಡೆದೇ ಮೇಲೆ ತಲುಪಬಹುದು. ಕಾಲಡಿಯಲ್ಲಿ ಇರುವುದು ಕೈಯಿಂದ ಒಂದೊಂದಾಗಿ ಕೂರಿಸಿದ ಬಿಳಿ ಮತ್ತು ಕಪ್ಪು ಚೌಕಗಲ್ಲುಗಳ ಹಾಸು. ನೋಡಲು ಎಷ್ಟು ಚೆಂದವೋ ಮಳೆ ಬಿದ್ದ ಮೇಲೆ ಅಷ್ಟೇ ಜಾರುತ್ತದೆ, ಆದ್ದರಿಂದ ಪಾದರಕ್ಷೆಯ ಆಯ್ಕೆಯಲ್ಲಿ ಸೊಗಸಿಗಿಂತ ಹಿಡಿತ ಮುಖ್ಯ.

ಲಿಸ್ಬನ್ನಿನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ಸಿಗುವ ಸಿಂಟ್ರಾ, ಮಂಜು ಮುಸುಕಿದ ಗುಡ್ಡಗಳ ಮೇಲಿನ ಅರಮನೆಗಳ ಊರು. ಕೆಂಪು, ಹಳದಿ ಬಣ್ಣ ಬಳಿದ ಪೆನಾ ಅರಮನೆಯ ಮುಂದೆ ವರ್ಷವಿಡೀ ಜಾತ್ರೆ. ಇದೇ ಗುಡ್ಡಗಳಲ್ಲಿ, ಗೋವೆಯಲ್ಲಿ ಪೋರ್ಚುಗೀಸರ ವೈಸ್‌ರಾಯ್ ಆಗಿದ್ದ ಜುವಾಂವ್ ಡಿ ಕ್ಯಾಸ್ಟ್ರೊನ ತೋಟವೂ ಇದೆ. ಗುಜರಾತಿನ ಸೋಮನಾಥದಿಂದ ಹಡಗಿನಲ್ಲಿ ಬಂದು ಇಲ್ಲಿ ಸೇರಿದ ಸಾರಂಗದೇವನ ಕಾಲದ ಸಂಸ್ಕೃತ ಶಾಸನವೊಂದು ನಮ್ಮ ಶಾಸನತಜ್ಞರಿಗೆ ‘ಸಿಂಟ್ರಾ ಪ್ರಶಸ್ತಿ’ ಎಂಬ ಹೆಸರಿನಿಂದಲೇ ಪರಿಚಿತವಾಗಿದೆ. ತಾನು ಹುಟ್ಟಿದ ಊರಿನ ಹೆಸರು ಕಳೆದುಕೊಂಡು ತನ್ನನ್ನು ಒಯ್ದಿಟ್ಟ ಊರಿನ ಹೆಸರು ಹೊತ್ತ ಕಲ್ಲುಗಳ ಪೈಕಿ ಇದೂ ಒಂದು. ಸಿಂಟ್ರಾದಿಂದ ಪಶ್ಚಿಮಕ್ಕೆ ಹೋದರೆ ಯುರೋಪಿನ ಮುಖ್ಯಭೂಮಿ ಮುಗಿಯುವ ಕಾಬೊ ಡ ರೋಕಾ ಎಂಬ ಭೂಶಿರ. ನೀರಿನಿಂದ ಸುಮಾರು 140 ಮೀಟರ್ ಎತ್ತರದ ಬಂಡೆ. ಅಲ್ಲಿಗೆ ಬಂದುದಕ್ಕೆ ಪ್ರಮಾಣಪತ್ರ ಮಾರುವ ಕಚೇರಿಯೂ ಇದೆ. ಬಸ್ಸಿನಿಂದಿಳಿದವರು ಪ್ರಮಾಣಪತ್ರ ಕೊಂಡು, ಚಿತ್ರ ತೆಗೆದು ಅದೇ ಬಸ್ಸಿಗೆ ಮರಳುತ್ತಾರೆ. ಉತ್ತರಕ್ಕೆ ಸ್ವಲ್ಪ ದೂರ ನಡೆದು, ಕಡಿದಾದ ಜಾಡಿನಲ್ಲಿ ಎಚ್ಚರದಿಂದ ಇಳಿದವರಿಗೆ ಉರ್ಸಾ ಎಂಬ ಕಿರುತೀರವೂ, ಅದರ ನೀರಿನಿಂದ ಎದ್ದು ನಿಂತ ಭಾರಿ ಬಂಡೆಗಳೂ ಸಿಗುತ್ತವೆ.

ಹೊರಟವರಿಗೂ ಉಳಿದವರಿಗೂ ಸೇರಿದ ಊರೊಂದಿದ್ದರೆ ಅದು ನಜರೆ. ಒಂದರ ಮೇಲೊಂದು ಲಂಗ ತೊಡುವ ಮೀನುಗಾರ ಹೆಂಗಸರು ಇಲ್ಲಿ ಮರಳಿನ ಮೇಲೆ ಚೌಕಟ್ಟುಗಳನ್ನಿಟ್ಟು ಸೀಳಿದ ಮೀನನ್ನು ಒಣಗಿಸುತ್ತಾರೆ. ಅದೇ ಊರಿನ ಉತ್ತರದ ತೀರದಲ್ಲಿ ಚಳಿಗಾಲ ಬಂತೆಂದರೆ ಲೋಕದ ಅತಿ ಎತ್ತರದ ಅಲೆಗಳು ಏಳುತ್ತವೆ. ಇದಕ್ಕೆ ಕಾರಣ ಕಡಲ ತಳದಲ್ಲಿರುವ ಕಮರಿ. 200 ಕಿ.ಮೀ.ಗೂ ಉದ್ದವಾದ, ತನ್ನ ದೂರದ ತುದಿಯಲ್ಲಿ ಸುಮಾರು 5,000 ಮೀಟರ್ ಆಳಕ್ಕೆ ಇಳಿಯುವ ಆ ಕಮರಿ ಬಹುತೇಕ ಊರಿನ ಹೊಸ್ತಿಲವರೆಗೆ ಬಂದು ನಿಂತಿದೆ. ಅಲೆ ಆಳದ ನೀರಿನಲ್ಲಿ ವೇಗವಾಗಿಯೂ ಆಳವಿಲ್ಲದಲ್ಲಿ ನಿಧಾನವಾಗಿಯೂ ಚಲಿಸುವುದರಿಂದ, ಬಿರುಗಾಳಿಯಿಂದ ಹುಟ್ಟಿದ ಒಂದೇ ಅಲೆಯ ಒಂದು ಭಾಗ ಕಮರಿಯ ಮೇಲೆ ಮುಂದೋಡಿ, ಬಾಗಿ, ಪಕ್ಕದ ತಿಟ್ಟಿನ ಮೇಲೆ ಹಿಂದುಳಿದ ಭಾಗವನ್ನು ಬಂದು ಕೂಡುತ್ತದೆ. ಎರಡೂ ಸೇರಿದಲ್ಲಿ ನೀರು ಗೋಡೆಯೆತ್ತರಕ್ಕೆ ಏಳುತ್ತದೆ. 2020ರ ಅಕ್ಟೋಬರಿನಲ್ಲಿ ಜರ್ಮನಿಯ ಸೆಬಾಸ್ಟಿಯನ್ ಸ್ಟಾಯ್ಟ್ನರ್ ಇಲ್ಲಿ ಹಲಗೆಯ ಮೇಲೆ ನಿಂತು ಸವಾರಿ ಮಾಡಿದ ಅಲೆಯ ಎತ್ತರ 26.21 ಮೀಟರ್ ಎಂದು ದಾಖಲಾಗಿದೆ. ಉಳಿದವರು ಮಾಡಬಹುದಾದುದು ದೀಪಸ್ತಂಭವಿರುವ ಹಳೆಯ ಕೋಟೆಯ ಮೇಲೆ ನಿಂತು ನೋಡುವುದು. ಅದೂ ಸಾಮಾನ್ಯ ಸಾಹಸವಲ್ಲ.

ನಡಿಗೆಯ ರಸಿಕರು ಮಾತ್ರ ಇಷ್ಟಕ್ಕೆ ತೃಪ್ತರಾಗದೆ ದಕ್ಷಿಣಕ್ಕೆ, ಅಲೆಂತೇಜು ಪ್ರಾಂತದ ಕಡಲಂಚಿಗೆ ಹೋಗುತ್ತಾರೆ. ಸೀನಿಶ್ ಬಂದರಿನ ದಕ್ಷಿಣದಿಂದ ಹೊರಟು, ಯುರೋಪಿನ ನೈರುತ್ಯದ ತುದಿಯನ್ನು ಬಳಸಿ, ಲಾಗೋಸ್ ಪಟ್ಟಣದವರೆಗೆ 220 ಕಿ.ಮೀ.ಗೂ ಮಿಕ್ಕಿ ಹಬ್ಬಿರುವ ‘ಬೆಸ್ತರ ದಾರಿ’ ಇರುವುದು ಅಲ್ಲಿ. ಇದು ರೋಟಾ ವಿಸೆಂಟಿನಾ ಎಂಬ ಕಾಲುದಾರಿಗಳ ಜಾಲದ ಒಂದು ಭಾಗ. 2012ರಲ್ಲಿ ಆ ಜಾಲ ನಡೆಯುವವರಿಗೆ ತೆರೆದುಕೊಂಡಿತು. ಆದರೆ ದಾರಿಯನ್ನು ಯಾರೂ ಹೊಸದಾಗಿ ಕಡಿಯಲಿಲ್ಲ. ಮೀನು ಹಿಡಿಯಲು ಬಂಡೆಯ ತುದಿಗೂ ಕೊಲ್ಲಿಯ ತಳಕ್ಕೂ ಹೋಗಿಬರುತ್ತಿದ್ದ ಊರಿನವರ ಜಾಡುಗಳನ್ನು ಒಂದಕ್ಕೊಂದು ಜೋಡಿಸಿ, ಕಲ್ಲಿಗೂ ಕಂಬಕ್ಕೂ ಹಸಿರು–ನೀಲಿ ಪಟ್ಟೆ ಬಳಿಯಲಾಯಿತು, ಅಷ್ಟೆ. ಆ ಪಟ್ಟೆಗಳು ಒಂದಕ್ಕೊಂದು ಅಡ್ಡಹಾಯ್ದು ಗುಣಿಸುವ ಚಿಹ್ನೆಯಾಗಿದ್ದರೆ ಹಾದಿ ತಪ್ಪಿದೆ ಎಂದರ್ಥ. ಸೈಕಲ್ಲಿಗೆ ಇಲ್ಲಿ ಪ್ರವೇಶವಿಲ್ಲ.

ಪೋರ್ತು ಕೋವು ಎಂಬ ಸುಣ್ಣ ಬಳಿದ ಹಳ್ಳಿಯಿಂದ ಮೀರಾ ನದಿಯ ಅಳಿವೆಯಲ್ಲಿರುವ ಮಿಲ್‌ಫೋಂತಿಶ್‌ಗೆ ಸುಮಾರು 20 ಕಿ.ಮೀ. ನಕ್ಷೆಯಲ್ಲಿ ಇದು ಒಂದು ದಿನದ ಸುಲಭದ ನಡಿಗೆ. ನೆಲದ ಮೇಲೆ ಬಹುಭಾಗ ಮೆತ್ತನೆಯ ಮರಳು, ಇಟ್ಟ ಹೆಜ್ಜೆಯಲ್ಲಿ ಅರ್ಧ ಹಿಂದಕ್ಕೆ ಜಾರುತ್ತದೆ. ಅವಸರ ಮಾಡಿದವನನ್ನು ಈ ಮರಳು ದಣಿಸುತ್ತದೆ. ನಿಧಾನವಾದವನಿಗೆ ಮಾತ್ರ ಪಕ್ಕದ ಒಣದಂಟುಗಳ ಮೇಲೆ ಒತ್ತೊತ್ತಾಗಿ ಅಂಟಿರುವ ಬಿಳಿಯ ಕಿರುಬಸವನಹುಳುಗಳು ಕಾಣುತ್ತವೆ. ಬೇಸಿಗೆಯಲ್ಲಿ ನೆಲದ ಕಾವಿನಿಂದ ಪಾರಾಗಲು ಅವು ದಂಟನ್ನೇರಿ, ಚಿಪ್ಪಿನ ಬಾಯಿ ಮುಚ್ಚಿಕೊಂಡು ಮಳೆಗೆ ಕಾಯುತ್ತವೆ. ಬಿಸಿಲೇರಿದಾಗ ಎಸ್ತೇವಾ ಎಂಬ ಪೊದೆಯ ಅಂಟಂಟು ಎಲೆಗಳು ರಾಳದ ಪರಿಮಳ ಬಿಡುತ್ತವೆ. ಕೆಳಗೆ, ಅಲೆ ಹೊಡೆಯುವಲ್ಲಿ, 30 ಕೋಟಿ ವರ್ಷಗಳಿಗೂ ಹಿಂದೆ ಆಳದ ಕಡಲಿನ ಕೆಸರಾಗಿದ್ದು, ಭೂಖಂಡಗಳ ಡಿಕ್ಕಿಯಲ್ಲಿ ಮಡಿಚಿ ಮೇಲೆದ್ದ ಕಪ್ಪು ಪದರಗಲ್ಲು, ಓಲೆಗರಿಯ ಕಟ್ಟನ್ನು ನೆಟ್ಟಗೆ ನಿಲ್ಲಿಸಿಟ್ಟ ಹಾಗೆ ನಿಂತಿದೆ.

ಇನ್ನೂ ದಕ್ಷಿಣಕ್ಕೆ, ಸರ್ದಾಂವ್ ಭೂಶಿರದ ಬಳಿ, ಈ ದಾರಿಯ ಅತ್ಯುತ್ತಮ ನೋಟವಿದೆ. ಯುರೋಪಿನ ಬೇರೆಡೆ ಇಗರ್ಜಿಯ ಗೋಪುರ, ಹೊಗೆಗೂಡು, ವಿದ್ಯುತ್ ಕಂಬಗಳನ್ನು ಆರಿಸಿಕೊಳ್ಳುವ ಬಿಳಿ ಕೊಕ್ಕರೆಗಳು ಇಲ್ಲಿ ಸಮುದ್ರದ ನಡುವಿನ ಒಂಟಿ ಬಂಡೆಗಳ ನೆತ್ತಿಯಲ್ಲಿ ಕಡ್ಡಿಗೂಡು ಕಟ್ಟುತ್ತವೆ. ಕಡಲ ಬಂಡೆಯ ಮೇಲೆ ಇವು ಸಂಸಾರ ಹೂಡುವುದು ಲೋಕದಲ್ಲಿ ಈ ಕರಾವಳಿಯಲ್ಲಿ ಮಾತ್ರ ಎಂದು ಪಕ್ಷಿತಜ್ಞರು ಹೇಳುತ್ತಾರೆ. ದಾರಿ ಬಂಡೆಯ ಅಂಚಿನಲ್ಲೇ ಸಾಗುವುದರಿಂದ, ಮರದ ಕೆಳಗೆ ನಿಂತು ಕತ್ತೆತ್ತಿ ನೋಡುವ ಹಕ್ಕಿಗೂಡನ್ನು ಇಲ್ಲಿ ಮೇಲಿನಿಂದ, ಮರಿಗಳ ಕೊಕ್ಕು ಕಾಣುವಷ್ಟು ಸ್ಪಷ್ಟವಾಗಿ, ಅವುಗಳಿಗೆ ತೊಂದರೆಯಾಗದಷ್ಟು ದೂರದಿಂದ ನೋಡಬಹುದು. ಏಪ್ರಿಲ್, ಮೇ ತಿಂಗಳು ಇದಕ್ಕೆ ತಕ್ಕ ಕಾಲ.

ದಡದಲ್ಲಿ ಉಳಿದವರ ಕಸುಬು ಎಂಥದು ಎಂಬುದು ಪೆರ್ಸೆಬಿಶ್ ಕೀಳುವವರನ್ನು ಕಂಡಾಗ ಮನವರಿಕೆಯಾಗುತ್ತದೆ. ಪೆರ್ಸೆಬಿಶ್ ಎಂದರೆ ಬಂಡೆಗೆ ಗೊಂಚಲಾಗಿ ಅಂಟಿ ಬೆಳೆಯುವ, ಏಡಿ–ಸಿಗಡಿಗಳ ದೂರದ ನಂಟಿನ ಚಿಪ್ಪುಜೀವಿ. ಬೆರಳುದ್ದದ ಕಪ್ಪು ತೊಟ್ಟು, ತುದಿಯಲ್ಲಿ ಉಗುರಿನಾಕಾರದ ಚಿಪ್ಪು. ಅಲೆ ಎಲ್ಲಿ ಜೋರಾಗಿ ಅಪ್ಪಳಿಸುವುದೋ ಅಲ್ಲೇ ಅದು ಕೊಬ್ಬುತ್ತದೆ. ಆದ್ದರಿಂದ ನೀರಿಳಿತದ ಹೊತ್ತು ನೋಡಿ, ಹಗ್ಗ ಹಿಡಿದು ಬಂಡೆಯಿಳಿದು, ಎರಡು ಅಲೆಗಳ ನಡುವಿನ ಬಿಡುವಿನಲ್ಲಿ ಉದ್ದ ಹಿಡಿಯ ಕಬ್ಬಿಣದ ಉಳಿಯಿಂದ ಅದನ್ನು ಕೆತ್ತಬೇಕು. ಕಡಲಿಗೆ ಬೆನ್ನು ಹಾಕಬಾರದು ಎಂಬುದು ಈ ಕಸುಬಿನ ಮೊದಲ ಪಾಠ. ಈ ಕರಾವಳಿ ಸಂರಕ್ಷಿತ ನಿಸರ್ಗೋದ್ಯಾನವಾಗಿರುವುದರಿಂದ ಕೀಳಲು ಪರವಾನಗಿ ಬೇಕು, ಕೀಳುವ ಪ್ರಮಾಣಕ್ಕೂ ಮಿತಿಯಿದೆ. ಅಡುಗೆಯಲ್ಲಿ ಇದಕ್ಕೆ ಉಪ್ಪುನೀರಿನ ಒಂದು ಕುದಿ ಸಾಕು. ಚಿಪ್ಪಿನ ಬುಡದಲ್ಲಿ ಉಗುರೂರಿ, ತಿರುಚಿ ಎಳೆದರೆ ಹೊರತೊಗಲು ಕಳಚಿ ಒಳಗಿನ ಗುಲಾಬಿ ಮಾಂಸ ಹೊರಬರುತ್ತದೆ. ಅಭ್ಯಾಸವಿಲ್ಲದವರು ಎಳೆದರೆ ಎದುರು ಕೂತವರ ಅಂಗಿಗೆ ನೀರು ಚಿಮ್ಮುವುದೂ ಉಂಟು. ಮೀನು ಮುಟ್ಟದವರಿಗೆ ಅಲೆಂತೇಜುವಿನ ಒರಟು ರೊಟ್ಟಿ, ಕುರಿಹಾಲಿನ ಚೀಸ್, ಆಲಿವ್ ಧಾರಾಳವಾಗಿ ಸಿಗುತ್ತವೆ.

ದಾರಿಯ ನೈರುತ್ಯ ತಿರುವಿನಲ್ಲಿ ಸಾಗ್ರೆಸ್ ಇದೆ. ರಾಜಕುಮಾರ ಹೆನ್ರಿ ಇಲ್ಲಿ ನೌಕಾಯಾನದ ಶಾಲೆ ನಡೆಸಿದನೆಂದು ಬಹುಕಾಲ ನಂಬಲಾಗಿತ್ತು. ಅಂಥ ಕಟ್ಟಡ, ಅಂಥ ಪಾಠಕ್ರಮ ಇರಲಿಲ್ಲವೆಂಬುದು ಈಗಿನ ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಅವನು 1460ರಲ್ಲಿ ಇಲ್ಲೇ ತೀರಿಕೊಂಡದ್ದು ಮಾತ್ರ ನಿಜ. ಕೋಟೆಯ ಹೊರಗೆ, ಎತ್ತರದ ಬಂಡೆಯ ತುದಿಯಲ್ಲಿ ಊರಿನ ಗಾಳಗಾರರು ಉದ್ದನೆಯ ಕೋಲು ಹಿಡಿದು, ದಾರವನ್ನು ಹತ್ತಾರು ಮೀಟರ್ ಕೆಳಗಿನ ನೊರೆಗೆ ಇಳಿಬಿಟ್ಟು ನಿಂತಿರುತ್ತಾರೆ. ಹೆನ್ರಿಯ ದಂತಕತೆಗಿಂತ ಈ ದೃಶ್ಯವೇ ಹೆಚ್ಚು ನಂಬಲರ್ಹವಾದದ್ದು.

ಅಲ್ಲಿಂದ ಪೂರ್ವಕ್ಕೆ ಅಲ್ಗಾರ್ವ್ ಪ್ರಾಂತದ ಬಿಸಿಲು ತೀರಗಳು. ಹೋಟೆಲುಗಳೂ ಗದ್ದಲವೂ ಅಲ್ಲಿ ಹೇರಳ. ಚಾವಣಿಯ ಕಿಂಡಿಯಿಂದ ಬೆಳಕು ಬೀಳುವ ಬೆನಾಜಿಲ್ ಎಂಬ ಕಡಲಗುಹೆ ತನ್ನ ಕೀರ್ತಿಯಿಂದಲೇ ಬಳಲಿ, 2024ರಲ್ಲಿ ಅದರೊಳಗಿನ ಮರಳಿಗೆ ಇಳಿಯುವುದನ್ನೂ ಅಲ್ಲಿಗೆ ಈಜಿ ಹೋಗುವುದನ್ನೂ ನಿಷೇಧಿಸಬೇಕಾಯಿತು. ಅದರ ನೆತ್ತಿಯ ಮೇಲೆಯೇ ಹಾದುಹೋಗುವ ‘ಏಳು ತೂಗುಕಣಿವೆಗಳ ದಾರಿ’ ಸುಮಾರು 6 ಕಿ.ಮೀ. ಉದ್ದವಿದ್ದು, ಗುಹೆಗಿಂತ ಹೆಚ್ಚು ತೋರಿಸುತ್ತದೆ. ತೊರೆ ತನ್ನ ಕಣಿವೆಯನ್ನು ಕಡಲಮಟ್ಟಕ್ಕೆ ಕೊರೆಯುವ ಮೊದಲೇ ಅಲೆಗಳು ಬಂಡೆಯನ್ನು ಹಿಂದಕ್ಕೆ ತಿಂದುಬಿಟ್ಟರೆ ಕಣಿವೆಯ ಬಾಯಿ ಗಾಳಿಯಲ್ಲಿ ಉಳಿಯುತ್ತದೆ. ತೂಗುಕಣಿವೆ ಎಂದರೆ ಇದೇ.

ಉತ್ತರದಲ್ಲಿ 1971ರಲ್ಲಿ ಸ್ಥಾಪನೆಯಾದ, ದೇಶದ ಏಕೈಕ ರಾಷ್ಟ್ರೀಯ ಉದ್ಯಾನ ಪೆನೆದಾ–ಜೆರೆಶ್ ಇದೆ. ಅದರ ಮಡಿಲಿನ ಸುವಾಜು ಹಳ್ಳಿಯಲ್ಲಿ ಮೆಕ್ಕೆಜೋಳ ಇಡುವ ಕಲ್ಲಿನ ಕಣಜಗಳು ಇಲಿ ಹತ್ತದ ಹಾಗೆ ಕಾಲುಗಳ ಮೇಲೆ ಸಾಲಾಗಿ ನಿಂತಿವೆ. ಮಡೀರಾ ದ್ವೀಪದಲ್ಲಿ ಮಳೆ ಸುರಿಯುವ ಉತ್ತರದಿಂದ ಒಣ ದಕ್ಷಿಣಕ್ಕೆ ನೀರು ಸಾಗಿಸಲು ಬೆಟ್ಟದ ಮಗ್ಗುಲಲ್ಲಿ ಕೊರೆದ ಲೆವಾಡಾ ಎಂಬ ಕಾಲುವೆಗಳ ಪಕ್ಕದಲ್ಲೇ ನಡೆಯಬಹುದು. ಅಜೋರೆಸ್‌ನ ಒಂಬತ್ತು ದ್ವೀಪಗಳಲ್ಲಿ ಒಂದಾದ ಪೀಕುವಿನಲ್ಲಿ 2,351 ಮೀಟರಿನ ಜ್ವಾಲಾಮುಖಿ ಪರ್ವತ ದೇಶದ ಅತ್ಯುನ್ನತ ಶಿಖರ. ದ್ವೀಪಗಳಿಗೆ ಬೇರೆಯೇ ಪ್ರವಾಸ ಬೇಕು. ಮುಖ್ಯಭೂಮಿಯ ವಾರವೊಂದರಲ್ಲಿ ಅವನ್ನೂ ತುರುಕುವವರು ಹೆಚ್ಚಾಗಿ ವಿಮಾನನಿಲ್ದಾಣಗಳನ್ನೇ ನೋಡಿ ಬರುತ್ತಾರೆ.

ವಾರದಷ್ಟೇ ಬಿಡುವಿದ್ದವರು ಎರಡು ದಿನವನ್ನು ಲಿಸ್ಬನ್ನಿಗೂ ಒಂದನ್ನು ಸಿಂಟ್ರಾಕ್ಕೂ ಕೊಟ್ಟು, ಉಳಿದ ನಾಲ್ಕನ್ನು ಪೋರ್ತು ಕೋವುವಿನಿಂದ ಓದಸೈಶ್‌ವರೆಗಿನ ಬೆಸ್ತರ ದಾರಿಗೆ ಮೀಸಲಿಡುವುದು ಲೇಸು. ಜುಲೈ, ಆಗಸ್ಟ್ ತಿಂಗಳಲ್ಲಿ ಅಲ್ಲಿನ ಮರಳು ಕಾಯುತ್ತದೆ, ನೆರಳೂ ಇಲ್ಲ. ವಸಂತದಲ್ಲೋ ಸೆಪ್ಟೆಂಬರಿನ ಕೊನೆಗೋ ಹೋಗಬೇಕು. ಒಂದು ತಂಗುದಾಣದಿಂದ ಇನ್ನೊಂದಕ್ಕೆ ಹೋಗುವಾಗ ಬಹುತೇಕ ಅಂಗಡಿಗಳು ಸಿಗುವುದಿಲ್ಲವಾದ್ದರಿಂದ ದಿನಕ್ಕೆ ಬೇಕಾದ ನೀರನ್ನೂ ರೊಟ್ಟಿಯನ್ನೂ ಬೆಳಿಗ್ಗೆಯೇ ಹೊತ್ತುಕೊಂಡು ಹೊರಡಬೇಕು, ಮತ್ತು ಗಾಳಿ ಜೋರಾಗಿ ಬೀಸುವ ದಿನ ಬಂಡೆಯ ಅಂಚಿನಿಂದ ಆದಷ್ಟು ಒಳಗೆ ನಡೆಯಬೇಕು.